ಒರಟು ಮೇಲ್ಮೈ ಇಟ್ಟರೂ ಪ್ರೋಟೀನ್ ಹರಳು ಬರುತ್ತಿಲ್ಲವೇ? ತಪ್ಪು ಎಲ್ಲಿದೆ ಅಂತ ಹುಡುಕುವುದು ಹೀಗೆ

ಪ್ರೋಟೀನ್ ದ್ರಾವಣದ ಹನಿಯೊಳಗೆ ಪೋರಸ್ ಸಿಲಿಕಾನ್ (ಮೈತುಂಬ ಪುಟ್ಟ ರಂಧ್ರಗಳಿರುವ ಸಿಲಿಕಾನ್) ಚೂರು ಹಾಕಿ, ಅದರ ಒರಟು ಮೈಮೇಲೆ ಹರಳು ಹುಟ್ಟಲಿ ಅಂತ ಕಾದು ಎರಡು ವಾರ ಆಯಿತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹನಿ ತಿಳಿನೀರಿನ ಹಾಗೆ ಇದೆ, ಒಂದು ಚುಕ್ಕಿಯೂ ಇಲ್ಲ. ಅಥವಾ ಇದಕ್ಕೆ ಪೂರ್ತಿ ಉಲ್ಟಾ: ಮರಳು ಚೆಲ್ಲಿದ ಹಾಗೆ ನೂರಾರು ಪುಟ್ಟ ಹರಳು, ಪ್ರೋಟೀನಿನ ರಚನೆ ತಿಳಿಯಲು ಎಕ್ಸ್‌ರೇಗೆ ಇಡುವ ಗಾತ್ರದ್ದು ಒಂದೂ ಇಲ್ಲ. ಎರಡೂ ಸಲ ನಾವು ಮೊದಲು ಮಾಡುವುದು ಒಂದೇ ಕೆಲಸ. "ಈ ಮೇಲ್ಮೈಯೇ ಸರಿಯಿಲ್ಲ" ಅಂತ ಬೈದು ಇನ್ನೊಂದು ತರಿಸುವುದು. ನಾನೂ ಮಾಡಿದ್ದೇನೆ. ಆಮೇಲೆ ಗೊತ್ತಾಗಿದ್ದು ಏನಂದರೆ, ಎಷ್ಟೋ ಸಲ ತಪ್ಪು ಆ ಒರಟುತನದಲ್ಲಿ ಇರುವುದೇ ಇಲ್ಲ. ಹನಿಯಲ್ಲಿ ಇರುತ್ತದೆ. ಇಲ್ಲಾಂದ್ರೆ ಆ ಚೂರು ಸದ್ದಿಲ್ಲದೆ ಹನಿಗೆ ಬೇರೇನೋ ಮಾಡಿರುತ್ತದೆ: ನೀರು ಹೀರಿರುತ್ತದೆ, ಪ್ರೋಟೀನ್ ನುಂಗಿರುತ್ತದೆ, ಕ್ಯಾಲ್ಸಿಯಂ ಬಿಟ್ಟಿರುತ್ತದೆ.

ಹಾಗಾಗಿ ಹುಡುಕುವ ಕ್ರಮ ಮುಖ್ಯ. ಮೊದಲು ಹನಿ, ಆಮೇಲೆ ಚೂರಿನ ರಸಾಯನ, ಕೊನೆಗೆ ಒರಟುತನ.

ಮೇಲ್ಮೈಗೆ ಕೆಲಸ ಇರುವ ಜಾಗ ತುಂಬ ಕಿರಿದು

ಹರಳು ಬರಬೇಕಾದರೆ ಹನಿಯಲ್ಲಿ ಕರಗಿರಲು ಸಾಧ್ಯವಾದದ್ದಕ್ಕಿಂತ ಜಾಸ್ತಿ ಪ್ರೋಟೀನ್ ಇರಬೇಕು. ಸ್ವಲ್ಪವೇ ಜಾಸ್ತಿ ಇದ್ದರೆ ಅದು ಮೆಟಾಸ್ಟೇಬಲ್ ವಲಯ. ಅಲ್ಲಿ ಈಗಾಗಲೇ ಇರುವ ಹರಳು ಬೆಳೆಯುತ್ತದೆ, ಆದರೆ ಹೊಸದು ತಾನಾಗಿ ಹುಟ್ಟುವುದಿಲ್ಲ. ಇನ್ನೂ ಮೇಲೆ ಹೋದರೆ ನ್ಯೂಕ್ಲಿಯೇಶನ್ ವಲಯ, ಅಂದರೆ ಹರಳಿನ ಮೊದಲ ಬೀಜ ತಾನಾಗಿ ಕಟ್ಟಿಕೊಳ್ಳುವ ಜಾಗ. ಅದಕ್ಕೂ ಮೇಲೆ ಹೋದರೆ ಎಲ್ಲವೂ ಬೂದುಬಣ್ಣದ ಗಸಿ.

ಒರಟು ಮೇಲ್ಮೈ ಮಾಡುವುದು ಇಷ್ಟೇ: ಮೆಟಾಸ್ಟೇಬಲ್ ವಲಯದಲ್ಲಿ ಮೊದಲ ಬೀಜ ಕಟ್ಟಿಕೊಳ್ಳುವ ಕಷ್ಟವನ್ನು ಕಡಿಮೆ ಮಾಡುತ್ತದೆ. ಪ್ರೋಟೀನ್ ಅಣುಗಳು ಪುಟ್ಟ ರಂಧ್ರದೊಳಗೆ ಸೇರಿ, ಗೋಡೆಯ ಆಸರೆಯಲ್ಲಿ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಕಡಿಮೆ ಪ್ರೋಟೀನ್ ಇರುವ ಹನಿಯನ್ನು ಅದು ಉದ್ಧಾರ ಮಾಡುವುದಿಲ್ಲ, ಗಸಿಯನ್ನು ಹರಳಾಗಿಸುವುದೂ ಇಲ್ಲ. 1988ರಲ್ಲಿ ಮೆಕ್‌ಫರ್ಸನ್ ಮತ್ತು ಶ್ಲಿಕ್ಟಾ 50 ಬಗೆಯ ಖನಿಜಗಳನ್ನು ನಾಲ್ಕು ಪ್ರೋಟೀನುಗಳ ಜತೆ ಇಟ್ಟು ನೋಡಿದಾಗಲೂ ಸಿಕ್ಕಿದ ಲಾಭ ಇದೇ. ಕೆಲವು ಖನಿಜಗಳ ಮೇಲೆ ಹರಳು ಇನ್ನೂ ಕಡಿಮೆ ಸಾಂದ್ರತೆಯಲ್ಲೇ ಹುಟ್ಟಿತು. 2001ರಲ್ಲಿ ನಯೋಮಿ ಚಾಯೆನ್ ಅವರ ಗುಂಪು 5ರಿಂದ 10 ನ್ಯಾನೋಮೀಟರ್ ರಂಧ್ರಗಳ ಪೋರಸ್ ಸಿಲಿಕಾನ್ ತಂದಾಗಲೂ ಹನಿಗಳನ್ನು ಇಟ್ಟಿದ್ದು ಮೆಟಾಸ್ಟೇಬಲ್ ವಲಯದಲ್ಲೇ. ಇದನ್ನು ಮರೆತು ಸಿಕ್ಕ ಹನಿಗೆಲ್ಲ ಚೂರು ಹಾಕಿದರೆ ಅದು ಪ್ರಯೋಗ ಅಲ್ಲ, ಹರಕೆ.

ಮೊದಲ ಪರೀಕ್ಷೆ: ಬೀಜ ಹಾಕಿ ನೋಡಿ

ಖಾಲಿ ಹನಿ ಕಂಡ ಕೂಡಲೇ ಮಾಡಬೇಕಾದ ಪರೀಕ್ಷೆ ಇದು, ಇದೊಂದೇ ಅರ್ಧ ಗೊಂದಲ ಬಗೆಹರಿಸುತ್ತದೆ. ಅದೇ ಪ್ರೋಟೀನಿನ ಹಳೆಯ ಹರಳು ಯಾವುದಾದರೂ ಇದ್ದರೆ, ಎಷ್ಟೇ ಕೆಟ್ಟದಾಗಿದ್ದರೂ ಪರವಾಗಿಲ್ಲ, ಅದನ್ನು ರಿಸರ್ವಾಯರ್ ದ್ರಾವಣದಲ್ಲೇ (ಹನಿಯ ಜತೆ ಅದೇ ಗುಳಿಯಲ್ಲಿ ಮುಚ್ಚಿಡುವ, ಪ್ರೋಟೀನ್ ಇಲ್ಲದ ದ್ರಾವಣ) ಪುಡಿ ಮಾಡಿ, ತೆಳುವಾಗಿಸಿ, ಬೆಕ್ಕಿನ ಮೀಸೆಯ ಕೂದಲನ್ನು ಅದರಲ್ಲಿ ಅದ್ದಿ ಅದೇ ಸ್ಥಿತಿಯ, ಚೂರು ಹಾಕದ ಖಾಲಿ ಹನಿಯೊಳಗೆ ಒಂದು ಗೆರೆ ಎಳೆಯಿರಿ. (ಹೌದು, ಬೆಕ್ಕಿನ ಮೀಸೆಯೇ. ತಾನಾಗಿ ಉದುರಿದ್ದು ಸಾಕು. ಹರಳಿನ ಕೆಲಸ ಮಾಡುವವರ ಡ್ರಾಯರಿನಲ್ಲಿ ಇದು ಇದ್ದೇ ಇರುತ್ತದೆ.)

ಒಂದೆರಡು ದಿನದಲ್ಲಿ ಗೆರೆಯುದ್ದಕ್ಕೂ ಹರಳು ಬೆಳೆದರೆ ಹನಿ ಸರಿಯಾದ ಜಾಗದಲ್ಲಿದೆ, ಮೇಲ್ಮೈ ಕೆಲಸ ಮಾಡುತ್ತಿಲ್ಲ. ಬೀಜ ಕರಗಿ ಮಾಯವಾದರೆ ಹನಿಯಲ್ಲಿ ಪ್ರೋಟೀನ್ ಸಾಲದು, ಮೇಲ್ಮೈಯನ್ನು ಬೈಯುವ ಹಕ್ಕು ನಿಮಗಿಲ್ಲ. ಪ್ರೋಟೀನ್ ಸಾಂದ್ರತೆಯನ್ನೋ ಪ್ರೆಸಿಪಿಟೆಂಟನ್ನೋ (ಪ್ರೋಟೀನನ್ನು ದ್ರಾವಣದಿಂದ ಹೊರತಳ್ಳುವ ಉಪ್ಪಿನಂಥ ವಸ್ತು) ಏರಿಸಿ, ಚೂರಿಲ್ಲದ ಹನಿಗಳ ಒಂದು ಸಾಲು ಮಾಡಿ. ಎಲ್ಲಿಂದ ಮೇಲೆ ಹರಳು ತಾನಾಗಿ ಬರುತ್ತದೋ ಆ ಗಡಿ ಗುರುತಿಸಿ. ಚೂರು ಹಾಕಬೇಕಾದದ್ದು ಆ ಗಡಿಯಿಂದ ಒಂದೆರಡು ಮೆಟ್ಟಿಲು ಕೆಳಗೆ.

ಹಳೆಯ ಹರಳೇ ಇಲ್ಲದ ಹೊಸ ಪ್ರೋಟೀನ್ ಆದರೆ? ಆಗ ಪ್ರಶ್ನೆಯನ್ನು ಎರಡಾಗಿ ಒಡೆಯಿರಿ. ಮೇಲ್ಮೈ ಸರಿಯಿದೆಯಾ ಅಂತ ಲೈಸೋಜೈಮಿನಲ್ಲಿ (ಕೋಳಿಮೊಟ್ಟೆಯ ಬಿಳಿಯಲ್ಲಿರುವ ಒಂದು ಪ್ರೋಟೀನ್) ನೋಡಿ. ಪಿಎಚ್ 4.5ರ ಅಸಿಟೇಟ್ ಬಫರ್ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ), ಸೋಡಿಯಂ ಕ್ಲೋರೈಡ್ ಅಷ್ಟೇ ಸಾಕು, ಅದರಷ್ಟು ಸುಲಭವಾಗಿ ಹರಳಾಗುವ ಪ್ರೋಟೀನ್ ಸಿಗುವುದು ಕಷ್ಟ. ಉಪ್ಪನ್ನು ಮಾತ್ರ ಗಡಿಗಿಂತ ಕೆಳಗೆ ಇಡಿ. ಲೈಸೋಜೈಮ್ ಚೂರಿನ ಮೇಲೆ ಬಂತು, ಚೂರಿಲ್ಲದ ಹನಿಯಲ್ಲಿ ಬರಲಿಲ್ಲ ಅಂದರೆ ಚೂರಿನಲ್ಲಿ ಜೀವ ಇದೆ. ನಿಮ್ಮ ಪ್ರೋಟೀನಿಗೂ ಅದೇ ಒಪ್ಪುತ್ತದೆ ಅಂತ ಇದರಿಂದ ಸಾಬೀತಾಗುವುದಿಲ್ಲ, ಆದರೆ ಸತ್ತ ಚೂರಿನ ಜತೆ ಒದ್ದಾಡುತ್ತಿಲ್ಲ ಅನ್ನುವುದಂತೂ ಖಾತ್ರಿ. ಹೊಸ ಪ್ರೋಟೀನಿನ ಹನಿಗಳೆಲ್ಲ ತಿಳಿಯಾಗಿಯೇ ಉಳಿದರೆ ಸಾಂದ್ರತೆ ಏರಿಸುತ್ತ ಹೋಗಿ. ತೆಳುವಾಗಿ ಗಸಿ ಕಾಣಿಸಿಕೊಂಡ ಮೇಲೆ ಅಲ್ಲಿಂದ ಸ್ವಲ್ಪ ಕೆಳಗಿಳಿದು ಚೂರು ಹಾಕಿ.

ಬೀಜ ಬೆಳೆಯಿತು, ಚೂರು ಸುಮ್ಮನೆ ಕೂತಿದೆ

ಈಗ ನಿಜವಾಗಿ ಮೇಲ್ಮೈಯ ವಿಚಾರ. ಮೊದಲು ನೋಡಬೇಕಾದ್ದು, ಹನಿ ಆ ರಂಧ್ರಗಳೊಳಗೆ ಇಳಿದಿದೆಯಾ ಅಂತ. ಹೊಸದಾಗಿ ಮಾಡಿದ ಪೋರಸ್ ಸಿಲಿಕಾನಿನ ಮೈಮೇಲೆ ಹೈಡ್ರೋಜನ್ ಕೂತಿರುತ್ತದೆ, ನೀರಿಗೆ ಅದು ಒಗ್ಗುವುದಿಲ್ಲ. ಮೇಲೆ ಒರಟುತನ ಬೇರೆ. ನೀರು ಒಲ್ಲದ ಮೇಲ್ಮೈಯನ್ನು ಒರಟು ಮಾಡಿದರೆ ಅದು ಇನ್ನೂ ಜಾಸ್ತಿ ನೀರನ್ನು ದೂಡುತ್ತದೆ. ಹನಿ ಒರಟಿನ ತುದಿಗಳ ಮೇಲಷ್ಟೇ ನಿಂತು ಕೆಳಗೆ ಗಾಳಿ ಉಳಿದುಬಿಡುತ್ತದೆ, ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ. ಕ್ಯಾಸಿ ಮತ್ತು ಬ್ಯಾಕ್ಸ್ಟರ್ 1944ರಲ್ಲೇ ವಿವರಿಸಿದ್ದು ಇದನ್ನೇ. ಗಾಳಿ ತುಂಬಿದ ರಂಧ್ರದೊಳಗೆ ಪ್ರೋಟೀನ್ ಹೋಗುವುದಾದರೂ ಹೇಗೆ?

ಪರೀಕ್ಷೆ ಸುಲಭ. ಒಂದು ಚೂರಿನ ಮೇಲೆ ಬಫರ್ ಹನಿ ಇಟ್ಟು ಕಣ್ಣಿನ ಮಟ್ಟದಲ್ಲಿ ಪಕ್ಕದಿಂದ ನೋಡಿ. ಮಣಿಯ ಹಾಗೆ ದುಂಡಗೆ ನಿಂತರೆ ಒದ್ದೆಯಾಗಿಲ್ಲ. ಚೂರನ್ನು ಮೊದಲು ಎಥನಾಲಿನಲ್ಲಿ ಅದ್ದಿ. ನೀರಿನ ಮೇಲ್ಮೈ ಎಳೆತ 72 ಮಿಲಿನ್ಯೂಟನ್ ಪ್ರತಿ ಮೀಟರ್, ಎಥನಾಲಿನದು 22ರ ಆಸುಪಾಸು, ಹಾಗಾಗಿ ಅದು ರಂಧ್ರದೊಳಗೆ ಸುಲಭವಾಗಿ ನುಗ್ಗುತ್ತದೆ. ಆಮೇಲೆ ಒಣಗಲು ಬಿಡದೆ ಬಫರಿಗೆ ಹಾಕಿ, ಬಫರನ್ನು ಮೂರು ನಾಲ್ಕು ಸಲ ಬದಲಿಸಿ. ಒಣಗಿತೋ, ಗಾಳಿ ವಾಪಸ್ ಬಂತು ಅಂತಲೇ ಲೆಕ್ಕ. ಎಥನಾಲ್ ಉಳಿದರೆ ಅದೂ ಹನಿಯ ಲೆಕ್ಕ ಕೆಡಿಸುತ್ತದೆ, ಬದಲಿಸುವುದರಲ್ಲಿ ಸೋಮಾರಿತನ ಬೇಡ. ಪ್ಲಾಸ್ಮಾ ಯಂತ್ರ (ಅಯಾನೀಕೃತ ಅನಿಲದಿಂದ ಮೇಲ್ಮೈ ಶುಚಿ ಮಾಡುವುದು) ಕೈಗೆ ಸಿಗುವುದಾದರೆ ಅದೂ ಆದೀತು, ಆದರೆ ಅದು ಸಿಲಿಕಾನಿನ ಮೈಯನ್ನು ಆಕ್ಸೈಡ್ ಮಾಡುತ್ತದೆ. ಹೋಲಿಕೆಗೆ ಇಟ್ಟ ನುಣುಪು ಚೂರಿಗೂ ಅದೇ ಮಾಡಬೇಕು.

ಇನ್ನೊಂದು ಕಳ್ಳತನ ಪ್ರೋಟೀನಿನದು. ಇದರ ಲೆಕ್ಕ ಒಮ್ಮೆ ಕಾಗದದ ಮೇಲೆ ಹಾಕಿ ನೋಡಿದಾಗ ನಾನು ಬೆಚ್ಚಿಬಿದ್ದೆ. ಹನಿಗೆ ಹಾಕಿದ್ದು 1 ಮೈಕ್ರೋಲೀಟರ್ ಪ್ರೋಟೀನ್, ಸಾಂದ್ರತೆ ಮಿಲಿಲೀಟರಿಗೆ 10 ಮಿಲಿಗ್ರಾಂ. ಅಂದರೆ ಹನಿಯಲ್ಲಿರುವುದು ಬರೀ 10 ಮೈಕ್ರೋಗ್ರಾಂ. ಪೋರಸ್ ವಸ್ತುವಿನ ಒಳಮೈ ಗ್ರಾಮಿಗೆ 300 ಚದರ ಮೀಟರ್ ಅಂತ ಇಟ್ಟುಕೊಳ್ಳಿ, ಈ ಬಗೆಯ ವಸ್ತುಗಳಲ್ಲಿ ಅದೇನೂ ವಿಪರೀತ ಅಲ್ಲ. ಕಣ್ಣಿಗೆ ಕಾಣುವುದೇ ಕಷ್ಟವಾದ 0.1 ಮಿಲಿಗ್ರಾಂ ಚೂರಿಗೆ ಆಗ 0.03 ಚದರ ಮೀಟರ್ ಮೈ. ಚದರ ಮೀಟರಿಗೆ 1 ಮಿಲಿಗ್ರಾಂ ಪ್ರೋಟೀನ್ ಅಂಟಿದರೂ 30 ಮೈಕ್ರೋಗ್ರಾಂ ಹಿಡಿಯುವಷ್ಟು ಜಾಗ. ಹನಿಯಲ್ಲಿರುವುದಕ್ಕಿಂತ ಮೂರು ಪಟ್ಟು! ಎಲ್ಲ ರಂಧ್ರಕ್ಕೂ ಪ್ರೋಟೀನ್ ತಲುಪುವುದಿಲ್ಲ ಅನ್ನುವುದು ಬೇರೆ ಮಾತು, ಆದರೂ ಹನಿ ಮೆಟಾಸ್ಟೇಬಲ್ ವಲಯದಿಂದ ಜಾರಿ ಕೆಳಗೆ ಬೀಳಲು ಇದರ ಕಾಲು ಭಾಗ ಸಾಕು. ಮೇಲ್ಮೈ ಬೀಜ ಹಾಕುವ ಬದಲು ಬೆಳೆಯನ್ನೇ ಮೇಯ್ದಂತೆ.

ಸಂಶಯ ಬಂದರೆ ಅಳೆಯಿರಿ. ಅದೇ ಅನುಪಾತದಲ್ಲಿ 20 ಮೈಕ್ರೋಲೀಟರ್ ಪ್ರೋಟೀನಿಗೆ ಚೂರು ಹಾಕಿ ಒಂದು ಗಂಟೆ ಬಿಟ್ಟು, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವ 280 ನ್ಯಾನೋಮೀಟರ್ ಬೆಳಕನ್ನು (ಪ್ರೋಟೀನ್ ಹೀರುವ ಬೆಳಕು ಅದು) ಎಷ್ಟು ಹೀರುತ್ತದೆ ಅಂತ ನೋಡಿ. ಓದಿಕೆ ಎದ್ದು ಕಾಣುವಷ್ಟು ಇಳಿದಿದ್ದರೆ ಕಳ್ಳ ಸಿಕ್ಕ. ಚೂರಿನ ಗಾತ್ರ ಇಳಿಸಿ, ಒಂದೇ ಒಂದು ಕಣ ಸಾಕು. ಹೊಸಬರಲ್ಲಿ ನಾನು ಜಾಸ್ತಿ ನೋಡಿದ ತಪ್ಪೇ ಇದು: ಉಪ್ಪಿನಕಾಯಿಗೆ ಉಪ್ಪು ಹಾಕಿದ ಹಾಗೆ ಪುಡಿ ಸುರಿಯುವುದು.

ಪ್ರೋಟೀನ್ ಮತ್ತು ಮೇಲ್ಮೈಯ ವಿದ್ಯುದಂಶದ ಬಗ್ಗೆ ಜನ ತುಂಬ ತಲೆ ಕೆಡಿಸಿಕೊಳ್ಳುತ್ತಾರೆ. ಪಿಎಚ್ 4.5ರಲ್ಲಿ ಲೈಸೋಜೈಮಿಗೆ ಧನ ವಿದ್ಯುದಂಶ, ಸಿಲಿಕಾ ಮೈಗೆ ಋಣ, ಅಂಟುತ್ತವೆ, ಸರಿ. ಆದರೆ ಹನಿಯಲ್ಲಿ 1 ಮೋಲಾರ್ ಉಪ್ಪಿದ್ದರೆ ಆ ಸೆಳೆತ 0.3 ನ್ಯಾನೋಮೀಟರ್ ದಾಟುವುದರೊಳಗೆ ಸೊರಗಿಹೋಗುತ್ತದೆ. ಉಪ್ಪು ಕಡಿಮೆ ಇರುವ, ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್ ಅನ್ನುವ ಪ್ರೆಸಿಪಿಟೆಂಟ್) ಬಳಸುವ ಹನಿಗಳಲ್ಲಿ ಮಾತ್ರ ಇದಕ್ಕೆ ಗಮನ ಕೊಡಿ.

ಕೊನೆಯದಾಗಿ ಒರಟಿನ ಅಳತೆ. ಲೈಸೋಜೈಮ್ ಅಣು 3ರಿಂದ 4.5 ನ್ಯಾನೋಮೀಟರ್. ಕವರ್‌ಸ್ಲಿಪ್ಪನ್ನು ಪಿ400 ಮರಳು ಕಾಗದದಲ್ಲಿ ಉಜ್ಜಿ "ಒರಟು ಮಾಡಿದೆ" ಅನ್ನುವವರಿದ್ದಾರೆ. ಆ ಕಾಗದದ ಕಣವೇ 35 ಮೈಕ್ರೋಮೀಟರ್, ಅಣುವಿಗಿಂತ ಹತ್ತಿರ ಹತ್ತಿರ ಒಂಬತ್ತು ಸಾವಿರ ಪಟ್ಟು ದೊಡ್ಡದು. ಅಣುವಿನ ಲೆಕ್ಕದಲ್ಲಿ ಅದು ರಂಧ್ರ ಅಲ್ಲ, ಬಯಲು. ಉಜ್ಜಿದ ಗೆರೆಯಲ್ಲಿ ಹರಳು ಬಂದರೂ ಅದು ಗೆರೆಯ ಚೂಪು ಮೂಲೆಯಿಂದಲೋ ಅಲ್ಲೇ ಉಳಿದ ಕಾಗದದ ಪುಡಿಯಿಂದಲೋ ಬಂದಿರಬಹುದು. ಹಾಗಂತ ರಂಧ್ರ ಚಿಕ್ಕದಾದಷ್ಟೂ ಒಳ್ಳೆಯದು ಅಂತಲೂ ಅಲ್ಲ. ಪೇಜ್ ಮತ್ತು ಸಿಯರ್ 2006ರಲ್ಲಿ ಕಂಪ್ಯೂಟರ್ ಮಾದರಿಯಲ್ಲಿ ತೋರಿಸಿದಂತೆ ಇಲ್ಲಿ ಎರಡು ಹಂತ ಇವೆ: ರಂಧ್ರ ತುಂಬಬೇಕು, ಆಮೇಲೆ ಹರಳು ರಂಧ್ರದಿಂದ ಹೊರಗೆ ಬರಬೇಕು. ರಂಧ್ರ ತೀರಾ ಚಿಕ್ಕದಾದರೆ ಹೊರಗೆ ಬರುವುದು ಕಷ್ಟ, ದೊಡ್ಡದಾದರೆ ತುಂಬುವುದು ಕಷ್ಟ. ಯಾವ ಪ್ರೋಟೀನಿಗೆ ಯಾವ ಅಳತೆ ಅಂತ ಮೊದಲೇ ಹೇಳುವುದು ಆಗದ ಮಾತು. ಅದಕ್ಕೇ ಎಲ್ಲ ರಂಧ್ರಗಳೂ ಒಂದೇ ಅಳತೆಯಲ್ಲಿರುವ ಅಚ್ಚುಕಟ್ಟಾದ ಮೇಲ್ಮೈಗಿಂತ, 2ರಿಂದ 10 ನ್ಯಾನೋಮೀಟರ್ ವರೆಗೆ ಎಲ್ಲವೂ ಕಲಸಿಕೊಂಡಿರುವ ಬಯೋಗ್ಲಾಸ್ (ಕ್ಯಾಲ್ಸಿಯಂ ಇರುವ ಒಂದು ಬಗೆಯ ಗಾಜು) ಥರದ್ದನ್ನು ಮೊದಲು ಪ್ರಯತ್ನಿಸುವುದು ನನ್ನ ಅಭ್ಯಾಸ.

ಹರಳು ಬಂತು! ಆದರೆ ಯಾವುದರದ್ದು?

ಬಯೋಗ್ಲಾಸ್ ಹೊಗಳಿದ ಬಾಯಲ್ಲೇ ಇದನ್ನೂ ಹೇಳಬೇಕು. ಒಂದು ಸಲ ಫಾಸ್ಫೇಟ್ ಇದ್ದ ಹನಿಗೆ ಬಯೋಗ್ಲಾಸ್ ಕಣ ಹಾಕಿದ್ದೆ. ಮೂರನೇ ದಿನ ಕಣದ ಸುತ್ತ ತೆಳು ತಗಡಿನ ಹಾಗೆ ಚೆಂದದ ಹರಳುಗಳು, ಅಂಚು ಚೂಪಾಗಿ, ಬೆಳಕಿಗೆ ಬಣ್ಣ ಬಣ್ಣ. ಎಲ್ಲರನ್ನೂ ಕರೆದು ತೋರಿಸಿದೆ. ಆಮೇಲೆ ಸೂಜಿಯಲ್ಲಿ ಒಂದನ್ನು ಒತ್ತಿದರೆ ಟಕ್ ಅಂತ ಮುರಿಯಿತು. ಎದೆ ಧಸಕ್ಕೆಂದಿತು. ಪ್ರೋಟೀನ್ ಹರಳಿನಲ್ಲಿ ಸುಮಾರು ಅರ್ಧ ಭಾಗ ನೀರೇ ಇರುವುದರಿಂದ ಅದು ಮೆತ್ತಗೆ ಪುಡಿಯಾಗಬೇಕು, ಟಕ್ ಅನ್ನುವುದು ಉಪ್ಪು. ಬಯೋಗ್ಲಾಸ್ ನೀರಿನಲ್ಲಿ ಕ್ಯಾಲ್ಸಿಯಂ ಬಿಡುತ್ತದೆ, ಹನಿಯಲ್ಲಿ ಫಾಸ್ಫೇಟ್ ಇತ್ತು, ಎರಡೂ ಸೇರಿ ಕ್ಯಾಲ್ಸಿಯಂ ಫಾಸ್ಫೇಟ್ ಆಗಿತ್ತು. ಪ್ರೋಟೀನ್ ಇಲ್ಲದೆ, ಬರೀ ಬಫರ್ ಮತ್ತು ಕಣ ಹಾಕಿದ ಒಂದು ಹನಿ ಇಟ್ಟಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಆಗಿನಿಂದ ಆ ಹನಿ ಇಲ್ಲದೆ ನಾನು ಪ್ಲೇಟ್ ಮುಚ್ಚುವುದಿಲ್ಲ.

ಕ್ಯಾಲ್ಸಿಯಂ ಬಿಡುವಾಗ ಬಯೋಗ್ಲಾಸ್ ಹನಿಯ ಪಿಎಚ್ ಕೂಡ ಏರಿಸುತ್ತದೆ. ಬಫರ್ ತೆಳುವಾಗಿದ್ದರೆ "ಮೇಲ್ಮೈ ಕೆಲಸ ಮಾಡಿತು" ಅಂತ ನೀವು ಅಂದುಕೊಂಡದ್ದು ನಿಜಕ್ಕೂ ಪಿಎಚ್ ಮಾಡಿದ ಕೆಲಸ ಆಗಿರಬಹುದು. ಅದೇ ವಸ್ತುವಿನ ರಂಧ್ರವಿಲ್ಲದ ನುಣುಪು ಚೂರನ್ನು ಇನ್ನೊಂದು ಹನಿಗೆ ಹಾಕಿ. ಅಲ್ಲೂ ಹರಳು ಬಂದರೆ ಒರಟುತನಕ್ಕೆ ಶಹಬ್ಬಾಸ್ ಹೇಳುವ ಅಗತ್ಯ ಇಲ್ಲ.

ಉಪ್ಪೋ ಪ್ರೋಟೀನೋ ಅಂತ ತಿಳಿಯಲು ಮೆಥಿಲೀನ್ ಬ್ಲೂ ಬಣ್ಣ ಹಾಕಬಹುದು, ಪ್ರೋಟೀನ್ ಹರಳು ನೀಲಿ ಹೀರುತ್ತದೆ. ಆದರೆ ಪೋರಸ್ ಚೂರೂ ಬಣ್ಣ ಹೀರುತ್ತದೆ, ಅದನ್ನು ನೋಡಿ ಮೋಸ ಹೋಗಬೇಡಿ. ಯುವಿ ಮೈಕ್ರೋಸ್ಕೋಪ್ ಇದ್ದರೆ ಟ್ರಿಪ್ಟೋಫಾನ್ (ಪ್ರೋಟೀನಿನಲ್ಲಿರುವ ಒಂದು ಅಮೈನೋ ಆಮ್ಲ) ಹೊಳಪು ನೋಡಿ. ಅನುಮಾನ ಉಳಿದರೆ ಎಕ್ಸ್‌ರೇಗೆ ಇಡಿ: ದೂರ ದೂರದಲ್ಲಿ ನಾಲ್ಕಾರು ಗಟ್ಟಿ ಚುಕ್ಕಿಗಳಷ್ಟೇ ಕಂಡರೆ ಅದು ಉಪ್ಪು.

ಅಂದಹಾಗೆ ಸಿಲಿಕಾನ್ ಚೂರಿನ ಮೂಲಕ ಬೆಳಕು ಹಾಯುವುದಿಲ್ಲ. ಕೆಳಗಿನಿಂದ ಬೆಳಕು ಬಿಟ್ಟು ನೋಡಿ "ಏನೂ ಇಲ್ಲ, ಕಪ್ಪು" ಅಂತ ಪ್ಲೇಟನ್ನು ಎಸೆದವರನ್ನು ನೋಡಿದ್ದೇನೆ. ಹರಳು ಚೂರಿನ ಬೆನ್ನಿನ ಮೇಲೇ ಕೂತಿತ್ತು. ಮೇಲಿನಿಂದ, ಓರೆಯಾಗಿ ಬೆಳಕು ಹಾಕಿ.

ಹರಳಿನ ಮಳೆ

ಚೂರಿನ ಸುತ್ತ ನೂರಾರು ಪುಟ್ಟ ಹರಳು ಬಂದಿದ್ದರೆ ಇದು ಒಳ್ಳೆಯ ಸುದ್ದಿಯೇ, ಸುಮ್ನೆ ಬೇಸರ ಮಾಡಿಕೊಳ್ಳಬೇಡಿ. ಹನಿ ತುಂಬ ಮೇಲಿದೆ ಅಷ್ಟೇ. ಪ್ರೆಸಿಪಿಟೆಂಟ್ ಇಳಿಸಿ, ಇಲ್ಲವೇ ಪ್ರೋಟೀನ್ ಇಳಿಸಿ. ಎರಡನ್ನೂ ಒಟ್ಟಿಗೆ ಇಳಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಹ್ಯಾಂಗಿಂಗ್ ಡ್ರಾಪಿನಲ್ಲಿ (ರಿಸರ್ವಾಯರಿನ ಮೇಲೆ ಗಾಜಿಗೆ ತೂಗುಬಿಟ್ಟ ಹನಿ) ಇದು ಸ್ವಲ್ಪ ತಲೆನೋವು, ಯಾಕಂದರೆ ನೀರು ಆವಿಯಾಗಿ ಹನಿ ದಿನೇ ದಿನೇ ಗಟ್ಟಿಯಾಗುತ್ತ ಹೋಗುತ್ತದೆ. ಇವತ್ತು ಮೆಟಾಸ್ಟೇಬಲ್ ವಲಯದಲ್ಲಿದ್ದದ್ದು ನಾಳೆ ಅಲ್ಲಿರುವುದಿಲ್ಲ. ಮೇಲ್ಮೈಗಳನ್ನು ಹೋಲಿಸುವಾಗ ಎಣ್ಣೆಯಡಿಯ ಮೈಕ್ರೋಬ್ಯಾಚ್ ನನಗೆ ಹೆಚ್ಚು ನಂಬಿಕೆಯದ್ದು. ಪ್ಯಾರಾಫಿನ್ ಎಣ್ಣೆಯ ಕೆಳಗೆ ಹನಿಯ ಸಾಂದ್ರತೆ ಹೆಚ್ಚು ಕಡಿಮೆ ಇಟ್ಟಲ್ಲೇ ಇರುತ್ತದೆ. ಚೂರನ್ನು ಮಾತ್ರ ಹನಿಯೊಳಗೆ ಮೊದಲು ಹಾಕಿ, ಆಮೇಲೆ ಎಣ್ಣೆ. ಕ್ರಮ ತಪ್ಪಿದರೆ ರಂಧ್ರಗಳು ಎಣ್ಣೆ ಕುಡಿದು ಕೂರುತ್ತವೆ.

ಒಂದು ಸಲ ಬಂತು, ಮತ್ತೆ ಬರಲಿಲ್ಲ

ನ್ಯೂಕ್ಲಿಯೇಶನ್ ಅನ್ನುವುದು ಅದೃಷ್ಟದ ಆಟವೂ ಹೌದು. ಒಂದು ಹನಿಗೆ ಸರಾಸರಿ ಒಂದು ಹರಳು ಹುಟ್ಟುವ ಸ್ಥಿತಿಯಲ್ಲೂ ನೂರರಲ್ಲಿ 37 ಹನಿ ಖಾಲಿಯೇ ಉಳಿಯುತ್ತವೆ. 24 ಹನಿ ಇಟ್ಟರೆ ಸುಮಾರು ಒಂಬತ್ತು ಖಾಲಿ. ಅದೇ ಸ್ಥಿತಿಯಲ್ಲಿ ಮೂರೇ ಹನಿ ಇಟ್ಟರೆ, ನಾಲ್ಕು ಸಲಕ್ಕೊಮ್ಮೆ ಮೂರರಲ್ಲೂ ಹರಳು ಕಾಣುತ್ತದೆ, ಅದನ್ನು ನೋಡಿ "ನೂರಕ್ಕೆ ನೂರು" ಅಂತ ಕುಣಿಯುವುದು ಸಹಜ ಅಲ್ವಾ? ಚೂರಿರುವ, ನುಣುಪು ಚೂರಿರುವ, ಏನೂ ಇಲ್ಲದ ಹನಿಗಳು ತಲಾ ಎಂಟಾದರೂ ಇರಲಿ, ಆಮೇಲೆ ಮಾತಾಡೋಣ.

ಅಷ್ಟು ಹನಿ ಇಟ್ಟ ಮೇಲೂ ಫಲಿತಾಂಶ ಓಲಾಡಿದರೆ ಎರಡು ವಿಷಯ ಕೇಳಿಕೊಳ್ಳಿ. ಚೂರಿಗೆ ವಯಸ್ಸೆಷ್ಟು? ಪೋರಸ್ ಸಿಲಿಕಾನ್ ಗಾಳಿಯಲ್ಲಿ ನಿಧಾನವಾಗಿ ಆಕ್ಸೈಡ್ ಆಗುತ್ತದೆ, ಹೋದ ತಿಂಗಳು ನೀರು ದೂಡುತ್ತಿದ್ದದ್ದು ಈ ತಿಂಗಳು ನೀರು ಹೀರುತ್ತದೆ. ಡಬ್ಬಿಯ ಮೇಲೆ ತಾರೀಕು ಬರೆದಿಡಿ. (ಮತ್ತೆ ಹೊಸದನ್ನು ನಾವೇ ಕೊರೆದುಕೊಳ್ಳೋಣ ಅನ್ನುವ ಹುಮ್ಮಸ್ಸು ಬೇಡ. ಅದಕ್ಕೆ ಬಳಸುವ ಹೈಡ್ರೋಫ್ಲೋರಿಕ್ ಆಮ್ಲ ಚರ್ಮದ ಮೂಲಕ ಒಳಗಿಳಿದು ಜೀವ ತೆಗೆಯಬಲ್ಲದು. ತರಬೇತಿ ಪಡೆದವರು ಮಾಡಿಕೊಟ್ಟದ್ದನ್ನೇ ತನ್ನಿ.) ಎರಡನೆಯದು, ಚೂರನ್ನು ತೊಳೆದು ಮತ್ತೆ ಬಳಸಿದಿರಾ? ಹಳೆಯ ಹರಳಿನ ಪುಡಿ ರಂಧ್ರದಲ್ಲಿ ಉಳಿದಿದ್ದರೆ ಎರಡನೇ ಸಲ ಚೂರು ಪವಾಡ ಮಾಡುತ್ತದೆ, ಆದರೆ ಅದೇ ಪ್ರೋಟೀನಿಗೆ ಮಾತ್ರ. ಅದು ಮೇಲ್ಮೈಯ ಪವಾಡ ಅಲ್ಲ, ಹಳೆಯ ಬೀಜ.

ಬಂದ ಹರಳು ಎದ್ದು ಬರುತ್ತಿಲ್ಲ

ಚೂರಿಗೆ ಗಟ್ಟಿಯಾಗಿ ಅಂಟಿಕೊಂಡ ಹರಳನ್ನು ಲೂಪಿನಲ್ಲಿ (ಹರಳು ಎತ್ತುವ ಪುಟ್ಟ ಕುಣಿಕೆ) ಎಳೆದರೆ ಬಿರುಕು ಬಿಡುತ್ತದೆ. ಹನಿಗೆ ರಿಸರ್ವಾಯರ್ ದ್ರಾವಣ ಸ್ವಲ್ಪ ಸೇರಿಸಿ, ಅಕ್ಯುಪಂಕ್ಚರ್ ಸೂಜಿಯ ತುದಿಯನ್ನು ಹರಳಿಗೆ ತಾಗಿಸದೆ ಚೂರಿಗೆ ತಾಗಿಸಿ ಮೆಲ್ಲಗೆ ಅಲುಗಾಡಿಸಿ, ಕೆಲವು ಸಲ ತಾನಾಗಿ ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಹಟ ಮಾಡುವುದು ದಂಡ. ಆ ಹರಳನ್ನೇ ಅಲ್ಲೇ ಪುಡಿ ಮಾಡಿ, ಅದೇ ಬೀಜವನ್ನು ಚೂರಿಲ್ಲದ ಹೊಸ ಹನಿಗಳಿಗೆ ಹಾಕಿ. ಅವು ಹೇಗೂ ಮೆಟಾಸ್ಟೇಬಲ್ ವಲಯದಲ್ಲೇ ಇವೆ, ಬೀಜ ಬೆಳೆಯುತ್ತದೆ, ಮತ್ತು ಈ ಸಲ ಹರಳು ಯಾವುದಕ್ಕೂ ಅಂಟದೆ ಹನಿಯ ನಡುವೆ ಬಿಡಿಯಾಗಿ ಸಿಗುತ್ತದೆ.